ಹಳೆಯ ರೇಂಜರಿಗೆ ಬೇರೆ ಹಿಂದಿನ ಆಕ್ಸಲ್

ಅಮೆರಿಕದಲ್ಲಿ ಓಡುವ ಹಳೆಯ ಫೋರ್ಡ್ ರೇಂಜರ್ ಪಿಕಪ್‌ಗಳಲ್ಲಿ ಹೆಚ್ಚಿನವುಗಳ ಹಿಂದಿರುವುದು 7.5 ಇಂಚಿನ ಕ್ರೌನ್ ವೀಲಿನ ಆಕ್ಸಲ್. ಡಾಂಬರು ರಸ್ತೆಗೂ 28 ಇಂಚಿನ ಟೈರಿಗೂ ಅದು ಧಾರಾಳವಾಗಿ ಸಾಕು. 33 ಇಂಚಿನ ಟೈರು ಹಾಕಿ ಬಂಡೆ ಹತ್ತಿಸಲು ಹೊರಟ ದಿನದಿಂದ ಅದರ 28 ಹಲ್ಲಿನ ಶಾಫ್ಟಿಗೆ ದಿನಗಣನೆ ಶುರು.

ಇದಕ್ಕೆ ಮದ್ದು ಗುಜರಿಯಲ್ಲೇ ಇದೆ: 1995ರಿಂದ 2001ರವರೆಗಿನ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಯ 8.8 ಇಂಚಿನ ಆಕ್ಸಲ್. 31 ಹಲ್ಲಿನ ಶಾಫ್ಟು, ಡಿಸ್ಕ್ ಬ್ರೇಕು, ರೇಂಜರಿನದೇ ಐದು ಬೋಲ್ಟಿನ ಅಳತೆ. 2002ರಿಂದ ಎಕ್ಸ್‌ಪ್ಲೋರರ್ ಹಿಂಬದಿಗೆ ಇಂಡಿಪೆಂಡೆಂಟ್ ಸಸ್ಪೆನ್ಷನ್ ಬಂತು. ಆ ಗಾಡಿಗಳ ಕೆಳಗೆ ಬಗ್ಗಿ ನೋಡುವುದೂ ದಂಡ. ಮೂರು ಹಲ್ಲು ಹೆಚ್ಚಿದರೆ ಏನು ಮಹಾ ಎಂದು ಕೇಳುವವರಿದ್ದಾರೆ. ಹಲ್ಲಿನ ಗಾತ್ರ ಅದೇ ಇದ್ದು ಸಂಖ್ಯೆ ಏರಿದರೆ ಶಾಫ್ಟ್ ದಪ್ಪವಾಗುತ್ತದೆ, ತಿರುಚಾಟ ತಾಳುವ ಶಕ್ತಿ ಆ ದಪ್ಪದ ಘನದಷ್ಟು ಏರುತ್ತದೆ. 31ನ್ನು 28ರಿಂದ ಭಾಗಿಸಿ ಘನ ಮಾಡಿದರೆ ಸುಮಾರು 1.36, ಅಂದರೆ ಮೂರನೇ ಒಂದು ಪಾಲಿಗಿಂತ ಹೆಚ್ಚಿನ ಬಲ.

8.8ಕ್ಕೆ ಎದುರಾಗಿ ಫೋರ್ಡಿನ 9 ಇಂಚಿನ ಆಕ್ಸಲ್‌ಗೆ ಒಂದು ಭಕ್ತಸಮೂಹವೇ ಇದೆ. 1957ರಲ್ಲಿ ಬಂದ ಆ ಆಕ್ಸಲ್‌ನಲ್ಲಿ ಪಿನಿಯನ್ನಿನ ಮೂತಿಗೂ ಒಂದು ಬೇರಿಂಗ್ ಆಸರೆಯಿದೆ, ಡಿಫರೆನ್ಷಿಯಲ್ಲನ್ನು ಮುಂದಿನಿಂದ ಇಡಿಯಾಗಿ ಕಳಚಬಹುದು. ಎರಡೂ ನಿಜವಾದ ಗುಣಗಳೇ. ಭಕ್ತರು ಬಾಯಿಬಿಡದ ಸಂಗತಿ ಬೇರೆ. ಅದರ ಪಿನಿಯನ್ ಕ್ರೌನ್ ವೀಲಿನ ನಡುಮಧ್ಯಕ್ಕಿಂತ ತೀರ ಕೆಳಗೆ ಕೂತಿದೆ. ಹಲ್ಲಿಗೆ ಹಲ್ಲು ಹೆಚ್ಚು ಉಜ್ಜಿ ಎಂಜಿನ್ನಿನ ಶಕ್ತಿ ಬಿಸಿಯಾಗಿ ಸೋರುತ್ತದೆ. ಪ್ರೊಪೆಲ್ಲರ್ ಶಾಫ್ಟ್ ತಗ್ಗಿ ಕಲ್ಲಿಗೆ ಎದೆಯೊಡ್ಡುತ್ತದೆ. ಬಂಡೆ ಹತ್ತುವ ಗಾಡಿಗೆ ಇದು ಸಣ್ಣ ದೋಷವಲ್ಲ.

8.8ರ ನಿಜವಾದ ಊನ ಸಿ-ಕ್ಲಿಪ್. ಹಿಂದಿನ ಮುಚ್ಚಳ ಬಿಚ್ಚಿ, ಅಡ್ಡಪಿನ್ ಎಳೆದು, ಚಕ್ರದ ಕಡೆಯಿಂದ ಶಾಫ್ಟನ್ನು ಒಳಕ್ಕೆ ದೂಡಿದರೆ ಕುದುರೆಲಾಳದ ಆಕಾರದ ತುಣುಕೊಂದು ಎಣ್ಣೆಯಲ್ಲಿ ಅದ್ದಿದ ಬೆರಳಿಗೆ ಬಂದು ಬೀಳುತ್ತದೆ. ಇಡೀ ಚಕ್ರವನ್ನು ಗಾಡಿಯಲ್ಲಿ ಹಿಡಿದಿಟ್ಟಿರುವುದು ಅಷ್ಟೇ. ಶಾಫ್ಟ್ ತುಂಡಾದರೆ ಹೊರತುಂಡಿನ ಜೊತೆ ಚಕ್ರವೂ ಹೊರಗೆ ಜಾರುತ್ತದೆ.

ಚಕ್ರವನ್ನು ಹಿಡಿದಿಡಲು ಬೇರೆ ದಾರಿಗಳೂ ಇವೆ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನ ಹಿಂದಿನ ಆಕ್ಸಲ್ ಫುಲ್ ಫ್ಲೋಟಿಂಗ್ ಆಗಿತ್ತು: ಗಾಡಿಯ ಭಾರ ಹೌಸಿಂಗ್ ಮೇಲೆ, ಶಾಫ್ಟಿಗೆ ತಿರುಗುವ ಕೆಲಸ ಮಾತ್ರ. ಯುದ್ಧ ಮುಗಿದು ಜೀಪು ರೈತರ ಕೈಗೆ ಬಂದ ಕೆಲಕಾಲದಲ್ಲೇ ಅದು ಭಾರವನ್ನೂ ಶಾಫ್ಟೇ ಹೊರುವ ಸೆಮಿ ಫ್ಲೋಟಿಂಗ್‌ಗೆ ಇಳಿಯಿತು. ಮಹೀಂದ್ರ ಕಂಪನಿ ತಯಾರಿಸಿದ ಸಿಜೆ-3ಬಿ ಜೀಪಿನದೂ ಅದೇ ಬಗೆ. ಆದರೂ ಅದರಲ್ಲಿ ಸಿ-ಕ್ಲಿಪ್ ಇರಲಿಲ್ಲ. ಶಾಫ್ಟಿನ ಹಿಡಿತ ಹೊರತುದಿಯ ಬೇರಿಂಗಿನಲ್ಲೇ ಇತ್ತು. 8.8ಕ್ಕೂ ಆ ಬಗೆಯ ಹೊರತುದಿ ಕೂರಿಸುವ ಕಿಟ್ಟುಗಳು ಸಿಗುತ್ತವೆ.

ಇನ್ನು ಗೇರ್ ಅನುಪಾತ. 28 ಇಂಚಿನ ಟೈರಿಗೆ ಹೊಂದಿದ 3.73 ಅನುಪಾತ 33 ಇಂಚಿನ ಟೈರಿನಡಿ 3.16ರಂತೆ ವರ್ತಿಸುತ್ತದೆ. ಹಳೆಯ ಎಳೆತ ಮರಳಬೇಕಾದರೆ 4.40 ಬೇಕು, ಅಂಗಡಿಯಲ್ಲಿ ಸಿಗುವ 4.56 ಅದಕ್ಕೆ ಹತ್ತಿರ. ಫೋರ್ ವೀಲ್ ಗಾಡಿಯಾದರೆ ಮುಂದಿನ ಆಕ್ಸಲ್‌ಗೂ ಅದೇ ಅನುಪಾತ ಹಾಕಲೇಬೇಕು.

ಎಕ್ಸ್‌ಪ್ಲೋರರ್‌ನಲ್ಲಿ ಲೀಫ್ ಸ್ಪ್ರಿಂಗ್ ಆಕ್ಸಲ್ಲಿನ ಕೆಳಗಿದ್ದರೆ ರೇಂಜರಿನಲ್ಲಿ ಮೇಲಿದೆ. ಹಾಗಾಗಿ ಹಳೆಯ ಸ್ಪ್ರಿಂಗ್ ಪೀಠಗಳನ್ನು ಗ್ರೈಂಡರಿನಿಂದ ಕತ್ತರಿಸಿ ಹೊಸವನ್ನು ಕೊಳವೆಯ ಮೇಲ್ಭಾಗದಲ್ಲಿ ಬೆಸೆಯಬೇಕು. ನಡುವಿನ ಬೀಡಿನ ಗುಂಡಿಗೆಗೆ ಕೊಳವೆಗಳನ್ನು ಒತ್ತಿ ಕೂರಿಸಿ ಅಲ್ಲಲ್ಲಿ ಚುಕ್ಕೆ ಬೆಸುಗೆಯಷ್ಟೇ ಹಾಕಿರುತ್ತಾರೆ. ಭಾರೀ ಹೊರೆಗೆ ಅವು ತಿರುಗಿಬಿಡಬಹುದು. ಬೀಡನ್ನು ಮೊದಲು ಕಾಯಿಸಿ, ನಿಕ್ಕಲ್ ಕಡ್ಡಿಯಿಂದ ಸುತ್ತಲೂ ಬೆಸೆದರೆ ಆ ಭಯವಿಲ್ಲ. ಪೀಠಗಳ ಪೂರ್ತಿ ಬೆಸುಗೆ ಕಟ್ಟಕಡೆಯ ಕೆಲಸ. ಗಾಡಿಯ ಭಾರ ಸ್ಪ್ರಿಂಗ್ ಮೇಲೆ ಬಿದ್ದಿರುವಾಗ ಪಿನಿಯನ್ನಿನ ಕೋನ ನೋಡಿ, ಎರಡು ಕ್ರಾಸಿನ ಸಾದಾ ಪ್ರೊಪೆಲ್ಲರ್ ಶಾಫ್ಟಾದರೆ ಮೂತಿಯನ್ನು ಒಂದೆರಡು ಡಿಗ್ರಿ ತಗ್ಗಿಸಿ, ಮೊದಲು ಟಾಕಾ ಹೊಡೆಯಬೇಕು. ಆಮೇಲೆ ತುಸು ಬೆಸೆದು, ಆರಲು ಬಿಟ್ಟು, ಮತ್ತೆ ಬೆಸೆಯಬೇಕು; ಒಂದೇ ಉಸಿರಿಗೆ ಎಳೆದ ಬೆಸುಗೆಯ ಕಾವಿಗೆ ಕೊಳವೆ ಬಾಗುತ್ತದೆ.