ಕರಗಿಹೋದ ಗೆಳೆಯ



ಡಿಸೆಂಬರ್ ತಿಂಗಳು ಬಂತೆಂದರೆ ನಮ್ಮ ಮನೆಗಳಲ್ಲಿ ಗೋದಲಿ ಕಟ್ಟುವ ಸಂಭ್ರಮದ ಜೊತೆಗೆ, ರಜೆಯಲ್ಲಿರುವ ಮಕ್ಕಳಿಗೆ ಏನನ್ನು ತೋರಿಸುವುದು ಎಂಬ ಚಿಂತೆಯೂ ಆರಂಭವಾಗುತ್ತದೆ. ಕ್ರಿಸ್ಮಸ್ ಹೆಸರು ಹೊತ್ತ ಕಾರ್ಟೂನುಗಳಿಗೆ ಬರವೇನಿಲ್ಲ. ಆದರೆ ಅವುಗಳಲ್ಲಿ ಬಹುಪಾಲು ಗದ್ದಲ, ಉಡುಗೊರೆ ಮತ್ತು ಕೆಂಪು ಟೋಪಿಗಳಲ್ಲೇ ಮುಗಿದುಹೋಗುತ್ತವೆ. ಅಂಥವುಗಳ ನಡುವೆ ಕೇವಲ ಇಪ್ಪತ್ತಾರು ನಿಮಿಷಗಳ ಒಂದು ಪುಟ್ಟ ಚಿತ್ರ ಬೇರೆಯಾಗಿ ನಿಲ್ಲುತ್ತದೆ. ಅದು ಇಂಗ್ಲೆಂಡಿನ ಚಾನೆಲ್ 4 ವಾಹಿನಿಯಲ್ಲಿ 1982ರ ಡಿಸೆಂಬರ್ 26ರಂದು ಮೊದಲ ಬಾರಿಗೆ ಪ್ರಸಾರವಾದ 'ದಿ ಸ್ನೋಮ್ಯಾನ್'. ಚಿತ್ರದ ಕೊನೆಯಲ್ಲಿ ಎಷ್ಟೋ ಮಕ್ಕಳು ಅಳುತ್ತಾರೆ. ಹಿರಿಯರೂ ಕಣ್ಣೊರೆಸಿಕೊಳ್ಳುತ್ತಾರೆ. ಹಬ್ಬದ ಕಾಲದಲ್ಲಿ ಮಕ್ಕಳನ್ನು ಅಳಿಸುವ ಚಿತ್ರವನ್ನು ಒಂದು ಕ್ರೈಸ್ತ ಕುಟುಂಬ ಕೂಡಿ ಕುಳಿತು ನೋಡಬಹುದೇ? ನೋಡಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನೂ ಆ ಚಿತ್ರದಲ್ಲಿ ನನಗೆ ಕಂಡ ಕೊರತೆಯನ್ನೂ ನಿಮ್ಮ ಮುಂದಿಡುವುದು ಈ ಬರಹದ ಉದ್ದೇಶ.

ಮಾತಿಲ್ಲದ ಪುಸ್ತಕ

ಚಿತ್ರಕ್ಕೆ ಮೂಲವಾದದ್ದು ರೇಮಂಡ್ ಬ್ರಿಗ್ಸ್ ಎಂಬ ಇಂಗ್ಲಿಷ್ ಕಲಾವಿದರು 1978ರಲ್ಲಿ ಪ್ರಕಟಿಸಿದ ಅದೇ ಹೆಸರಿನ ಚಿತ್ರಪುಸ್ತಕ. ಅದರಲ್ಲಿ ಕಥೆ ಹೇಳುವ ಒಂದು ವಾಕ್ಯವೂ ಇಲ್ಲ. ಬಣ್ಣದ ಪೆನ್ಸಿಲಿನಿಂದ ಬಿಡಿಸಿದ ಮೃದುವಾದ ಚಿತ್ರಗಳು ಸಾಲಾಗಿ ಬರುತ್ತವೆ, ಅಷ್ಟೆ. ಬೆಳಿಗ್ಗೆ ಎದ್ದ ಹುಡುಗನೊಬ್ಬ ಹೊರಗೆ ಹಿಮ ಬಿದ್ದಿರುವುದನ್ನು ಕಂಡು ಓಡಿಹೋಗಿ ಹಿಮದ ಮನುಷ್ಯನೊಬ್ಬನನ್ನು ಮಾಡುತ್ತಾನೆ. ಕಲ್ಲಿದ್ದಲಿನ ಕಣ್ಣು, ಕಿತ್ತಳೆಯ ಮೂಗು, ಹಳೆಯ ಟೋಪಿ, ಒಂದು ಮಫ್ಲರ್. ರಾತ್ರಿ ಆ ಗೊಂಬೆಗೆ ಜೀವ ಬರುತ್ತದೆ. ಹುಡುಗ ಅವನನ್ನು ಮನೆಯೊಳಗೆ ಕರೆತಂದು ದೀಪ, ಟಿವಿ, ಅಡಿಗೆಮನೆ ಎಲ್ಲವನ್ನೂ ತೋರಿಸುತ್ತಾನೆ. ಬಿಸಿಯಾದುದೆಲ್ಲ ಆ ಅತಿಥಿಗೆ ಭಯ, ತಣ್ಣಗಿನದೆಲ್ಲ ಸುಖ. ಬಳಿಕ ಇಬ್ಬರೂ ಕೈಹಿಡಿದು ಆಕಾಶದಲ್ಲಿ ಹಾರಿ ಬ್ರೈಟನ್ ಊರಿನ ಕಡಲಂಚಿಗೆ ಹೋಗುತ್ತಾರೆ. ಆಮೇಲೆ ಮರಳಿ ಬರುತ್ತಾರೆ. ಹುಡುಗ ಮಲಗುತ್ತಾನೆ. ಎದ್ದು ಹೊರಗೋಡಿದಾಗ ಅಲ್ಲಿ ಉಳಿದಿರುವುದು ಕರಗಿದ ಹಿಮದ ಸಣ್ಣ ಗುಪ್ಪೆ, ಅದರ ಮೇಲೆ ಟೋಪಿ ಮತ್ತು ಮಫ್ಲರ್. ಹುಡುಗನ ಬೆನ್ನು ನಮ್ಮ ಕಡೆಗಿದೆ. ಅವನ ಮುಖವನ್ನು ಬ್ರಿಗ್ಸ್ ನಮಗೆ ತೋರಿಸುವುದಿಲ್ಲ.

ಈ ಸಂಯಮವನ್ನು ತಾವು ಗಮನಿಸಬೇಕು. 1971ರಲ್ಲಿ ಬ್ರಿಗ್ಸ್ ತಮ್ಮ ತಂದೆತಾಯಿಯರಿಬ್ಬರನ್ನೂ ಕಳೆದುಕೊಂಡಿದ್ದರು. 1973ರಲ್ಲಿ ಅವರ ಪತ್ನಿಯೂ ತೀರಿಕೊಂಡರು. ಹಿಮ ಕರಗುತ್ತದೆ, ಹೂವು ಬಾಡುತ್ತದೆ, ಹೆತ್ತವರು ಸಾಯುತ್ತಾರೆ, ಇದು ಬದುಕಿನ ಸಹಜ ಸಂಗತಿ ಎಂಬರ್ಥದ ಮಾತನ್ನು ಅವರು ಮುಂದೆ ಸಂದರ್ಶನವೊಂದರಲ್ಲಿ ಹೇಳಿದ್ದುಂಟು. ಮಕ್ಕಳಿಗೆಂದು ಮಾಡಿದ ಪುಸ್ತಕದಲ್ಲಿಯೂ ಅವರು ಈ ಸತ್ಯವನ್ನು ಮುಚ್ಚಿಡಲಿಲ್ಲ. ಹಾಗೆಂದು ಅದನ್ನು ಕೂಗಿ ಹೇಳಲೂ ಇಲ್ಲ.

ಹಾಡು ಬಂದ ಬಗೆ

ಇಂಥ ಮೌನದ ಪುಸ್ತಕವನ್ನು ಸಂಗೀತದ ಚಿತ್ರವನ್ನಾಗಿಸುವುದು ಸುಲಭದ ಕೆಲಸವಲ್ಲ. ಸಾಮಾನ್ಯವಾಗಿ ಹೀಗಾಗುತ್ತದೆ: ಮೂವತ್ತು ಪುಟಗಳ ಪುಸ್ತಕಕ್ಕೆ ಐದಾರು ಹಾಡು, ಒಂದು ಹಾಸ್ಯದ ಪ್ರಾಣಿ, ಒಬ್ಬ ಖಳನಾಯಕ ಸೇರಿಕೊಳ್ಳುತ್ತಾರೆ. ಪುಟದ ಮೇಲೆ ಮಗುವಿನ ಕಲ್ಪನೆಗೆಂದು ಬಿಟ್ಟಿದ್ದ ಖಾಲಿ ಜಾಗವೆಲ್ಲ ತುಂಬಿಹೋಗುತ್ತದೆ. ನಿರ್ಮಾಪಕ ಜಾನ್ ಕೋಟ್ಸ್, ನಿರ್ದೇಶಕಿ ಡಯಾನ್ ಜ್ಯಾಕ್ಸನ್ ಮತ್ತು ಸಂಗೀತಗಾರ ಹೊವಾರ್ಡ್ ಬ್ಲೇಕ್ ಆ ದಾರಿಯನ್ನು ಹಿಡಿಯಲಿಲ್ಲ. ಮೊದಲಿಗೆ ಬ್ರಿಗ್ಸ್ ಅವರೇ ಬಯಲಿನಲ್ಲಿ ನಡೆಯುತ್ತಾ ಆಡುವ ನಾಲ್ಕು ಮಾತುಗಳನ್ನು ಬಿಟ್ಟರೆ ಇಡೀ ಚಿತ್ರದಲ್ಲಿ ಸಂಭಾಷಣೆಯೇ ಇಲ್ಲ. ಕಥೆಯನ್ನೆಲ್ಲ ವಾದ್ಯವೃಂದವೇ ಹೇಳುತ್ತದೆ. ಪೆನ್ಸಿಲಿನ ಗೀರು ಕೂಡ ಪರದೆಯ ಮೇಲೆ ಹಾಗೆಯೇ ಉಳಿದು, ಪುಸ್ತಕದ ಪುಟವೇ ಉಸಿರಾಡುತ್ತಿರುವಂತೆ ಕಾಣುತ್ತದೆ. ಭಾಷೆಯ ಹಂಗಿಲ್ಲದ ಕಾರಣ ಕನ್ನಡದ ಮಗುವೂ ಇಂಗ್ಲೆಂಡಿನ ಮಗುವಿನಷ್ಟೇ ಸಲೀಸಾಗಿ ಇದನ್ನು ನೋಡಬಲ್ಲದು.

ಚಿತ್ರದಲ್ಲಿ ಹಾಡು ಇರುವುದು ಒಂದೇ ಒಂದು. ಅದು ಬರುವುದು ಇಬ್ಬರೂ ನೆಲ ಬಿಟ್ಟು ಮೇಲೇರುವ ಗಳಿಗೆಯಲ್ಲಿ. ಅಲ್ಲಿಯವರೆಗೆ ಮಾನವ ಕಂಠವನ್ನು ತಡೆಹಿಡಿದಿದ್ದರಿಂದಲೇ ಆ ಎಳೆಯ ದನಿ ನಮ್ಮ ಎದೆಯನ್ನು ತಟ್ಟುತ್ತದೆ. ಹಾಡಿದವನು ಲಂಡನ್ನಿನ ಸಂತ ಪೌಲರ ಪ್ರಧಾನಾಲಯದ ಗಾಯನವೃಂದದ ಬಾಲಕ ಪೀಟರ್ ಆಟಿ. ಮೊದಲ ಪ್ರಸಾರದಲ್ಲಿ ಅವನ ಹೆಸರನ್ನೂ ಹಾಕಿರಲಿಲ್ಲ. 1985ರಲ್ಲಿ ಆಲೆಡ್ ಜೋನ್ಸ್ ಎಂಬ ಇನ್ನೊಬ್ಬ ಬಾಲಕ ಹಾಡಿದ ಧ್ವನಿಮುದ್ರಣ ಬಹು ಜನಪ್ರಿಯವಾದುದರಿಂದ, ಚಿತ್ರದಲ್ಲಿ ಹಾಡಿದವನೂ ಅವನೇ ಎಂದು ಬಹಳ ಮಂದಿ ತಿಳಿದರು. ಪ್ರಧಾನಾಲಯದಲ್ಲಿ ಪಳಗಿದ ದನಿಯಲ್ಲಿ ಪ್ರದರ್ಶನದ ಆಸೆ ಇಲ್ಲ. ಮೇಲೇರುವ ಆನಂದದೊಳಗೇ ಒಂದು ತೆಳುವಾದ ದುಃಖವೂ ಬೆರೆತಿದೆ. ಬಾಲಕನ ಆ ಸ್ವರ ಕೆಲವೇ ವರ್ಷಗಳಲ್ಲಿ ಒಡೆದುಹೋಗುವಂಥದ್ದು ಎಂದು ಕೇಳುವವರಿಗೆ ಗೊತ್ತು. ಮುಂಜಾನೆ ಕರಗಲಿರುವ ಗೆಳೆಯನಿಗೆ ಇದಕ್ಕಿಂತ ತಕ್ಕ ದನಿ ಯಾವುದಿದ್ದೀತು?

ಸೇರಿಸಿದ್ದರಲ್ಲಿ ಒಳಿತು, ಕೆಡುಕು

ಇನ್ನು ಕೊರತೆಯ ಮಾತು. ಬ್ರಿಗ್ಸ್ ಅವರ ಪುಸ್ತಕದಲ್ಲಿ ಕ್ರಿಸ್ಮಸ್ ಇಲ್ಲವೇ ಇಲ್ಲ. ಚಿತ್ರದಲ್ಲಿ ಮಾತ್ರ ಗೆಳೆಯರಿಬ್ಬರೂ ಬ್ರೈಟನ್ನನ್ನು ದಾಟಿ ಉತ್ತರ ಧ್ರುವದವರೆಗೆ ಹಾರಿ, ಅಲ್ಲಿ ಹಿಮದ ಮನುಷ್ಯರ ಕುಣಿತದಲ್ಲಿ ಸೇರಿ, ಕ್ರಿಸ್ಮಸ್ ತಾತನನ್ನು ಕಾಣುತ್ತಾರೆ. ಕ್ರಿಸ್ಮಸ್ ಸೇರಿತಲ್ಲ ಎಂದು ನಾವು ಹಿಗ್ಗಬೇಕೇ? ನನಗೆ ಹಾಗನ್ನಿಸುವುದಿಲ್ಲ. ಇಲ್ಲಿ ಬಂದಿರುವುದು ಉಡುಗೊರೆಯ ತಾತ. ಗೋದಲಿಯ ಕಂದನಿಗೆ ಇಲ್ಲಿಯೂ ಸ್ಥಳ ದೊರೆತಿಲ್ಲ. ಕಥೆಯ ದೃಷ್ಟಿಯಿಂದಲೂ ನಷ್ಟವಿದೆ. ಪುಸ್ತಕದಲ್ಲಿ ಇಬ್ಬರೂ ಕಡಲ ಮುಂದೆ ಸುಮ್ಮನೆ ನಿಂತು ಸೂರ್ಯೋದಯವನ್ನು ನೋಡುತ್ತಾರೆ. ಆ ಸೂರ್ಯನೇ ಒಬ್ಬನನ್ನು ಕೊಲ್ಲಲಿದ್ದಾನೆ. ಅಂಥ ಗಂಭೀರವಾದ ಮೌನದ ಜಾಗದಲ್ಲಿ ಚಿತ್ರ ನಮಗೆ ಕುಣಿತವನ್ನು ಕೊಡುತ್ತದೆ. ಕುಣಿತ ಚೆನ್ನಾಗಿಯೇ ಇದೆ, ಆದರೆ ಅಂಥದ್ದನ್ನು ಬೇರೆಲ್ಲಿಯೂ ನೋಡಬಹುದು.

ಆದರೂ ನ್ಯಾಯವಾಗಿ ಇನ್ನೊಂದು ಮಾತನ್ನು ಹೇಳಬೇಕು. ಆ ತಾತ ಹುಡುಗನಿಗೆ ಒಂದು ನೀಲಿ ಮಫ್ಲರನ್ನು ಕೊಡುತ್ತಾನೆ. ಕೊನೆಯಲ್ಲಿ ಕರಗಿದ ಹಿಮದ ಮುಂದೆ ನಿಂತ ಹುಡುಗ ಜೇಬಿಗೆ ಕೈಹಾಕಿದಾಗ ಆ ಮಫ್ಲರ್ ಸಿಗುತ್ತದೆ. ಕಂಡದ್ದು ಕನಸಲ್ಲ, ಗೆಳೆಯನಿದ್ದದ್ದು ನಿಜ. ನಿಜವಾದುದರಿಂದಲೇ ಅವನ ಅಗಲಿಕೆಯೂ ನಿಜ. ಹುಡುಗ ಮಂಡಿಯೂರುತ್ತಾನೆ. ಚಿತ್ರ ಮುಗಿಯುತ್ತದೆ. ಸೇರಿಸಿದ ವಸ್ತುವೊಂದು ಮೂಲದ ನೋವನ್ನು ಕಡಿಮೆ ಮಾಡದೆ ಅದನ್ನು ಇನ್ನಷ್ಟು ಆಳವಾಗಿಸಿದ ಅಪರೂಪದ ಉದಾಹರಣೆ ಇದು. ಅಜ್ಜಿ ತೀರಿಹೋದ ಮೇಲೆ ಅವಳ ಜಪಮಾಲೆಯನ್ನು ಕೈಯಲ್ಲಿ ಹಿಡಿದು ಕುಳಿತವರಿಗೆ ಈ ಮಫ್ಲರಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಧೈರ್ಯ ಎಷ್ಟು ದೊಡ್ಡದು ಎಂಬುದು ಮೂವತ್ತು ವರ್ಷಗಳ ಬಳಿಕ, 2012ರಲ್ಲಿ ಬಂದ ಮುಂದುವರಿದ ಭಾಗವನ್ನು ನೋಡಿದಾಗ ಸ್ಪಷ್ಟವಾಗುತ್ತದೆ. 'ದಿ ಸ್ನೋಮ್ಯಾನ್ ಅಂಡ್ ದಿ ಸ್ನೋಡಾಗ್' ಎಂಬ ಆ ಚಿತ್ರದಲ್ಲಿ ಹುಡುಗನೊಬ್ಬನ ಮುದಿ ನಾಯಿ ಸಾಯುತ್ತದೆ. ಅವನು ಹಿಮದ ಮನುಷ್ಯನ ಜೊತೆಗೆ ಹಿಮದ ನಾಯಿಯನ್ನೂ ಮಾಡುತ್ತಾನೆ. ಕೊನೆಯಲ್ಲಿ ಹಿಮದ ಮನುಷ್ಯ ಕರಗಿದರೂ ನಾಯಿ ಮಾತ್ರ ಮಾಯೆಯಿಂದ ನಿಜವಾದ ನಾಯಿಯಾಗಿಬಿಡುತ್ತದೆ. ರೇಖೆಗಳಲ್ಲಿ ಅದೇ ಸೊಗಸು ಇದೆ. ಮಕ್ಕಳು ನಕ್ಕು ಏಳುತ್ತಾರೆ. ಆದರೆ ಸತ್ತದ್ದಕ್ಕೆ ಬದಲಿ ಸಿಕ್ಕಿತು, ಇನ್ನು ಅಳಬೇಕಾಗಿಲ್ಲ ಎಂಬ ಆ ಸಮಾಧಾನ ಅಗ್ಗದ್ದು. ಪ್ರೀತಿಸಿದ ಜೀವಕ್ಕೆ ಬದಲಿ ಇರುವುದಿಲ್ಲ ಎಂಬುದನ್ನು ಮೊದಲ ಚಿತ್ರ ಬಲ್ಲದು.

ಹಾಡೇ ಕಥೆಯಾದಾಗ

ಹೋಲಿಕೆಗಾಗಿ ಅಮೆರಿಕದ ಒಂದು ಚಿತ್ರವನ್ನು ನೆನೆಯೋಣ. ಡಾಕ್ಟರ್ ಸ್ಯೂಸ್ ಅವರು 1957ರಲ್ಲಿ ಬರೆದ ಗ್ರಿಂಚ್ ಎಂಬ ಮುನಿಸಿನ ಪ್ರಾಣಿಯ ಚಿತ್ರಪುಸ್ತಕವನ್ನು ಚಕ್ ಜೋನ್ಸ್ 1966ರಲ್ಲಿ ಅನಿಮೇಷನ್ ಚಿತ್ರವನ್ನಾಗಿ ಮಾಡಿದರು. ಅದೂ ಇಪ್ಪತ್ತಾರು ನಿಮಿಷಗಳದ್ದೇ. ಊರಿನವರ ಸಂತೋಷವನ್ನು ಸಹಿಸದ ಗ್ರಿಂಚ್ ಕ್ರಿಸ್ಮಸ್ ಹಿಂದಿನ ರಾತ್ರಿ ಎಲ್ಲ ಮನೆಗಳ ಉಡುಗೊರೆ, ಅಲಂಕಾರ, ಊಟವನ್ನೆಲ್ಲ ಕದ್ದೊಯ್ಯುತ್ತಾನೆ. ಬೆಳಿಗ್ಗೆ ಊರಿನಿಂದ ಅಳು ಕೇಳಿಬರುತ್ತದೆಂದು ಕಿವಿಗೊಟ್ಟು ಕಾದವನಿಗೆ ಕೇಳಿಸುವುದು ಹಾಡು. ಕೈಯಲ್ಲಿ ಏನೂ ಇಲ್ಲದ ಜನ ಕೈಕೈ ಹಿಡಿದು ಹಾಡುತ್ತಿದ್ದಾರೆ. ಆ ಹಾಡಿನಿಂದಲೇ ಅವನ ಕುಗ್ಗಿದ ಹೃದಯ ಹಿಗ್ಗುತ್ತದೆ. ಇಲ್ಲಿ ಸಂಗೀತ ಹೊರಗಿನಿಂದ ಹಚ್ಚಿದ ಬಣ್ಣವಲ್ಲ. ಹಾಡು ಕಥೆಯ ತಿರುವಿನಲ್ಲಿಯೇ ಇದೆ, ಪುಸ್ತಕದಲ್ಲಿ ಕಿವಿಗೆ ಕೇಳದ ಆ ಹಾಡನ್ನು ಚಿತ್ರ ಕೇಳಿಸಿತು. ಗ್ರಿಂಚನನ್ನು ಮೂದಲಿಸುವ ಇನ್ನೊಂದು ಹಾಡನ್ನು ಗಂಭೀರ ಕಂಠದಲ್ಲಿ ಹಾಡಿದ ಥರ್ಲ್ ರೇವನ್ಸ್‌ಕ್ರಾಫ್ಟ್ ಅವರ ಹೆಸರೂ ಆಗ ತೆರೆಯ ಮೇಲೆ ಬರಲಿಲ್ಲ ಎಂಬುದು ವಿಚಿತ್ರವಾದ ಸಾಮ್ಯ.

ಅದೇ ಪುಸ್ತಕ 2000ದಲ್ಲಿ ನಟರನ್ನಿಟ್ಟು ಮಾಡಿದ ಪೂರ್ಣಾವಧಿ ಸಿನಿಮಾ ಆಯಿತು. 2018ರಲ್ಲಿ ಪೂರ್ಣಾವಧಿಯ ಅನಿಮೇಷನ್ ಚಿತ್ರವೂ ಆಯಿತು. ಎರಡರಲ್ಲಿಯೂ ಗ್ರಿಂಚನ ಕೆಡುಕಿಗೆ ನೊಂದ ಬಾಲ್ಯದ ವಿವರಣೆಯನ್ನು ಜೋಡಿಸಲಾಗಿದೆ. ಅವನಿಗೆ ಹಾಗೇಕೆ ಅನ್ನಿಸಿತೆಂಬುದು ಯಾರಿಗೂ ಸರಿಯಾಗಿ ತಿಳಿಯದು ಎಂದೇ ಪುಸ್ತಕ ಮುಂದೆ ಸಾಗಿತ್ತು. ಮಗು ತಾನೇ ಯೋಚಿಸಬೇಕಾದುದನ್ನು ಈ ಚಿತ್ರಗಳು ತಾವೇ ಯೋಚಿಸಿ ಮುಗಿಸಿಬಿಡುತ್ತವೆ. ಚಿತ್ರ ಉದ್ದವಾದಷ್ಟೂ ಪುಸ್ತಕ ಚಿಕ್ಕದಾಗುತ್ತದೆ.

ಆದುದರಿಂದ ಚಿತ್ರಪುಸ್ತಕದಿಂದ ಹುಟ್ಟಿದ ಯಾವ ಚಿತ್ರವನ್ನು ನೋಡುವಾಗಲೂ ತಾವು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು. ಪುಸ್ತಕ ಸುಮ್ಮನಿದ್ದ ಕಡೆ ಹಾಡು ಏನು ಮಾಡುತ್ತಿದೆ? ಪುಸ್ತಕ ಹೇಳಿದ ಕಹಿ ಸತ್ಯವನ್ನು ಚಿತ್ರ ಉಳಿಸಿಕೊಂಡಿದೆಯೇ?

ಅಳುವ ಮಗುವಿನ ಪಕ್ಕದಲ್ಲಿ

ಎರಡನೆಯ ಪ್ರಶ್ನೆ ಸಿನಿಮಾವನ್ನು ಮೀರಿ ನಮ್ಮ ಮನೆಗಳೊಳಗೂ ಬರುತ್ತದೆ. ಮನೆಯಲ್ಲಿ ಸಾವಾದಾಗ ನಾವು ಮಕ್ಕಳನ್ನು ನೆರೆಮನೆಗೆ ಕಳುಹಿಸುತ್ತೇವೆ. ತಾತ ಊರಿಗೆ ಹೋಗಿದ್ದಾರೆ ಎನ್ನುತ್ತೇವೆ. ಅಳಬೇಡ, ತಾತ ಸ್ವರ್ಗದಲ್ಲಿ ಸಂತೋಷವಾಗಿದ್ದಾರೆ ಎಂದು ಮಗುವಿನ ಮೊದಲ ಬಿಕ್ಕನ್ನೇ ತಡೆಯುತ್ತೇವೆ. ಈ ಕೊನೆಯ ಮಾತು ನಮ್ಮ ವಿಶ್ವಾಸಕ್ಕೆ ಸೇರಿದ್ದೇ. ಆದರೆ ಅದನ್ನು ಅಳುವಿನ ಬಾಯಿಗೆ ಬಟ್ಟೆಯಂತೆ ತುರುಕಿದರೆ ಮಗುವಿಗೆ ವಿಶ್ವಾಸವೂ ಒಂದು ಸುಳ್ಳು ಸಮಾಧಾನದಂತೆಯೇ ಕಂಡೀತು.

ಭರವಸೆಯೇ ಇಲ್ಲದ ಕೊನೆಯನ್ನು ಕ್ರೈಸ್ತ ಮಕ್ಕಳಿಗೇಕೆ ತೋರಿಸಬೇಕು ಎಂದು ಕೆಲವರು ಕೇಳಬಹುದು. ಆಕ್ಷೇಪ ಹಗುರವಾದದ್ದಲ್ಲ. ಈ ಚಿತ್ರ ಪುನರುತ್ಥಾನದ ಬಗ್ಗೆ ಏನನ್ನೂ ಹೇಳುವುದಿಲ್ಲ, ಹೇಳುವ ಉದ್ದೇಶವೂ ಅದನ್ನು ಮಾಡಿದವರಿಗಿರಲಿಲ್ಲ. ಆದರೆ ಸಂತ ಯೊವಾನ್ನರ ಶುಭಸಂದೇಶವನ್ನು ನೆನಪಿಸಿಕೊಳ್ಳಿ. ಲಾಜರನನ್ನು ಎಬ್ಬಿಸಲಿರುವುದು ಯೇಸುಸ್ವಾಮಿಗೆ ಗೊತ್ತಿತ್ತು. ಆದರೂ ಅವರು ಮೊದಲು ಕಣ್ಣೀರು ಸುರಿಸಿದರು, ಸಮಾಧಿಯಿಂದ ಅವನನ್ನು ಕರೆದದ್ದು ಆಮೇಲೆ. ಧರ್ಮಸಭೆಯೂ ಶುಭ ಶುಕ್ರವಾರದಿಂದ ನೇರವಾಗಿ ಪಾಸ್ಖಕ್ಕೆ ಜಿಗಿಯುವುದಿಲ್ಲ. ನಡುವೆ ಪವಿತ್ರ ಶನಿವಾರದ ಮೌನವಿದೆ, ಬರಿದಾದ ಪೀಠವಿದೆ. ಕ್ರಿಸ್ಮಸ್ಸಿನ ದಿನಗಳನ್ನೇ ನೋಡಿ. ಈ ಚಿತ್ರ ಮೊದಲು ಪ್ರಸಾರವಾದ ಡಿಸೆಂಬರ್ 26 ನಮ್ಮ ಪಂಚಾಂಗದಲ್ಲಿ ಮೊದಲ ರಕ್ತಸಾಕ್ಷಿ ಸಂತ ಸ್ತೇಫನರ ಹಬ್ಬ. ಎರಡು ದಿನ ಕಳೆದರೆ ಹೆರೋದನ ಕತ್ತಿಗೆ ಬಲಿಯಾದ ಬೆತ್ಲೆಹೇಮಿನ ಹಸುಗೂಸುಗಳ ಸ್ಮರಣೆ. ಗೋದಲಿಯ ದೀಪ ಆರುವ ಮುನ್ನವೇ ಧರ್ಮಸಭೆ ಸಾವಿನ ಮಾತನ್ನು ನಮ್ಮೊಂದಿಗೆ ಆಡುತ್ತದೆ. ಹಬ್ಬದ ಕಾಲದಲ್ಲಿ ಕಣ್ಣೀರು ಸಲ್ಲದು ಎಂಬ ನಿಯಮವನ್ನು ಅದು ಎಂದೂ ಮಾಡಿಲ್ಲ.

ಈ ರಜೆಯಲ್ಲಿ ಒಂದು ಸಂಜೆ ಮಕ್ಕಳೊಂದಿಗೆ ಈ ಚಿತ್ರವನ್ನು ನೋಡಿ. ಸಾಧ್ಯವಾದರೆ ಮೊದಲು ಪುಸ್ತಕವನ್ನು ಮಗುವಿನ ಕೈಗೆ ಕೊಟ್ಟು, ಮಾತಿಲ್ಲದ ಪುಟಗಳಿಗೆ ಅದು ತಾನೇ ಮಾತು ಕಟ್ಟುವುದನ್ನು ಕೇಳಿ. ಕೊನೆಯ ದೃಶ್ಯ ಮುಗಿದೊಡನೆ ಬೇರೆ ಕಾರ್ಟೂನನ್ನು ಹಾಕಬೇಡಿ. ಮಗು ಅತ್ತರೆ ಅಳಲಿ. ಅವನು ಎಲ್ಲಿಗೆ ಹೋದ ಎಂದು ಅದು ಕೇಳಿದರೆ, ಕರಗಿಹೋದ ಎಂದೇ ಹೇಳಿ. ಆಮೇಲೆ, ಅವಸರವಿಲ್ಲದೆ, ನಿಮ್ಮ ಮನೆಯಿಂದ ಅಗಲಿದವರೊಬ್ಬರ ಹೆಸರನ್ನು ಎತ್ತಿ. ಅವರು ಬಿಟ್ಟುಹೋದ ವಸ್ತುವೊಂದಿದ್ದರೆ ಮಗುವಿನ ಕೈಗೆ ಕೊಡಿ. ಹಿಮ ಕರಗಿದಂತೆ ಮನುಷ್ಯರು ಕರಗಿಹೋಗುವುದಿಲ್ಲ ಎಂಬ ನಮ್ಮ ವಿಶ್ವಾಸವನ್ನು ಆಗ ಹೇಳಿ. ಅಳಲು ಬಿಟ್ಟ ಮಗು ಆ ಮಾತನ್ನು ನಂಬುತ್ತದೆ.