ಕಾರಂತರ ಮಣ್ಣು, ನಮ್ಮ ಪೌರತ್ವ

ಕೋಟದ ಶಿವರಾಮ ಕಾರಂತರ 'ಮರಳಿ ಮಣ್ಣಿಗೆ'ಯನ್ನು ನಾವು ಸಾಮಾನ್ಯವಾಗಿ ಒಂದು ಬ್ರಾಹ್ಮಣ ಕುಟುಂಬದ ಮೂರು ತಲೆಮಾರಿನ ಕಥೆಯೆಂದು ಓದುತ್ತೇವೆ. ಪೌರತ್ವವೆಂಬುದು ಬೀದಿಯ ಮಾತಾಗಿರುವ ಈ ಕಾಲದಲ್ಲಿ ಅದನ್ನು ಬೇರೊಂದು ಪ್ರಶ್ನೆಯೊಂದಿಗೆ ಓದಬೇಕಾಗಿದೆ. ಒಬ್ಬನು ಈ ನಾಡಿನವನಾಗುವುದು ಯಾವುದರಿಂದ?

ಕಾದಂಬರಿಯ ಉತ್ತರ ಸರಳ: ದುಡಿಮೆಯಿಂದ. ಕಡಲ ತಡಿಯ ಆ ನೆಲವನ್ನು ತಮ್ಮದಾಗಿಸಿಕೊಂಡವರು ಪಾರೋತಿ, ಸರಸೋತಿಯರಂತಹ ಹೆಂಗಸರು. ಅವರು ದೇಶಭಕ್ತಿಯ ಮಾತಾಡಿದವರಲ್ಲ, ಗದ್ದೆಯಲ್ಲಿ ಬೆನ್ನು ಬಗ್ಗಿಸಿದವರು. ಮೊಮ್ಮಗ ರಾಮ ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡವನು. ಅವನಿಗೂ ಕೊನೆಗೆ ನೆಲೆ ಸಿಗುವುದು ಘೋಷಣೆಗಳಲ್ಲಲ್ಲ, ಊರಿನ ಮಣ್ಣಿನಲ್ಲಿ.

ನಮ್ಮ ಕಾನೂನೂ ಒಂದು ಕಾಲದಲ್ಲಿ ಮಣ್ಣನ್ನೇ ನಂಬಿತ್ತು. 1955ರ ಪೌರತ್ವ ಕಾಯ್ದೆಯ ಪ್ರಕಾರ, ಕೆಲವೇ ಅಪವಾದಗಳನ್ನು ಬಿಟ್ಟರೆ, 1950ರ ಜನವರಿ 26ರಿಂದ ಈ ನೆಲದಲ್ಲಿ ಹುಟ್ಟಿದ ಮಗು ಭಾರತೀಯ. 1987ರ ಜುಲೈ 1ರಿಂದ ತಂದೆ ಅಥವಾ ತಾಯಿ ಭಾರತೀಯರಾಗಿರಬೇಕೆಂಬ ಷರತ್ತು ಬಂತು. 2004ರ ಡಿಸೆಂಬರ್ 3ರಿಂದ ಹೆತ್ತವರಲ್ಲಿ ಒಬ್ಬರು ಅಕ್ರಮ ವಲಸಿಗರಾಗಿದ್ದರೂ ಮಗುವಿಗೆ ಆ ಹಕ್ಕಿಲ್ಲ. 2019ರ ತಿದ್ದುಪಡಿ ಮೂರು ನೆರೆದೇಶಗಳಿಂದ ಬಂದವರ ವಿಷಯದಲ್ಲಿ ಧರ್ಮವನ್ನೂ ತಂದು, ಮುಸ್ಲಿಮರನ್ನು ಹೊರಗಿಟ್ಟಿತು. ಇದು ಭಾರತೀಯ ಮುಸ್ಲಿಮರ ಪೌರತ್ವವನ್ನು ಕಸಿಯುವುದಿಲ್ಲವೆಂಬ ಸರಕಾರದ ಮಾತು ಅಕ್ಷರಶಃ ಸರಿ. ಆದರೆ ಮಣ್ಣಿನಿಂದ ರಕ್ತಕ್ಕೆ, ರಕ್ತದಿಂದ ಧರ್ಮಕ್ಕೆ ಸಾಗಿದ ಈ ದಾರಿಯನ್ನು ಕಂಡವನು, ಮುಂದೆ ಯಾವ ದಾಖಲೆ ಕೇಳುತ್ತಾರೋ ಎಂದು ಅಂಜಿದರೆ ಅದು ಕಲ್ಪನೆಯ ಭಯವೇ? ಆ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪ್ರತಿಭಟನೆಯ ವೇಳೆ ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದರು.

ಹಾಗೆಂದು ಮಣ್ಣನ್ನು ಪೂಜಿಸುವುದೂ ಬೇಡ. ರಾಮನಿಗೆ ಮರಳಲು ಜಮೀನಿತ್ತು. 'ಚೋಮನ ದುಡಿ'ಯ ಚೋಮನಿಗೆ? ಅದೇ ನೆಲದಲ್ಲಿ ಹುಟ್ಟಿ, ಅದೇ ನೆಲದಲ್ಲಿ ಬೆವರು ಸುರಿಸಿ, ಜೋಡಿ ಎತ್ತು ಕಟ್ಟಿಕೊಂಡರೂ ಬೇಸಾಯಕ್ಕೊಂದು ತುಂಡು ಗದ್ದೆ ಸಿಗಲಿಲ್ಲ. ಜಾತಿ ಅಡ್ಡ ಬಂತು. ಎರಡೂ ಒಬ್ಬರೇ ಬರೆದ ಕಾದಂಬರಿಗಳು, ಆದರೆ ಮೊದಲು ಬಂದ 'ಚೋಮನ ದುಡಿ'ಯ ಪ್ರಶ್ನೆಗೆ 'ಮರಳಿ ಮಣ್ಣಿಗೆ'ಯಲ್ಲಿ ಉತ್ತರವಿಲ್ಲ ಎಂದೇ ನಮಗನಿಸುತ್ತದೆ. ವಿಮರ್ಶಕರು ರಾಮನ ಮರಳುವಿಕೆಯನ್ನು ಹೊಗಳುವಾಗ ಇದನ್ನೂ ಹೇಳಬೇಕಿತ್ತು.

ಇನ್ನು ನಿಷ್ಠೆಯ ಮಾತು. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಕಾರಂತರು ತಮಗೆ ಸಂದಿದ್ದ ಪದ್ಮಭೂಷಣವನ್ನು ಹಿಂದಿರುಗಿಸಿದರು. ಸರಕಾರಕ್ಕೆ ವಿಧೇಯನಾಗುವುದು ಬೇರೆ, ದೇಶಕ್ಕೆ ನಿಷ್ಠನಾಗುವುದು ಬೇರೆ ಎಂದು ತಿಳಿದವರ ಕೆಲಸವಿದು. ಅಕ್ರಮಿಯಾದ ಸೋದರನಿಗೆ ಮಾಡುವ ಸಹಾಯವೆಂದರೆ ಅವನ ಕೈಯನ್ನು ಅಕ್ರಮದಿಂದ ತಡೆಯುವುದು ಎಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ಬಲ್ಲವರಿಗೆ ಇದು ಹೊಸತಲ್ಲ. 2015ರ ಆಗಸ್ಟ್‌ನಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರ ಹತ್ಯೆಯಾದ ಬಳಿಕ ದೇಶದ ಹಲವು ಲೇಖಕರು ಅದೇ ರೀತಿ ಪ್ರಶಸ್ತಿಗಳನ್ನು ಹಿಂದಿರುಗಿಸಿದರು. ಅವರಿಗೆ ಸಿಕ್ಕಿದ್ದು 'ಪ್ರಶಸ್ತಿ ವಾಪಸಿ ಗ್ಯಾಂಗ್' ಎಂಬ ಬಿರುದು.