ಅಡುಗೆಮನೆಯ ಪ್ರಯೋಗಗಳು: ಒಂದು ಪ್ರಮಾಣವಿಚಾರ

ಶಿವರಾಮ ಕಾರಂತರ ‘ಬಾಲಪ್ರಪಂಚ’ (1936) ಜಗತ್ತಿನ ವಿಷಯಗಳನ್ನು ಮಕ್ಕಳಿಗೆ ತಿಳಿಯಹೇಳಿತು. ಮಾಡಿ ನೋಡೆಂದು ಹೇಳುವ ಪುಸ್ತಕದ ಹೊಣೆ ಇದಕ್ಕಿಂತ ಭಿನ್ನವಾದುದು. ಅಲ್ಲಿ ಕೈ ಕಂಡುದಕ್ಕೂ ಬಾಯಿ ಹೇಳಿದ ಕಾರಣಕ್ಕೂ ಹೊಂದಾಣಿಕೆ ಇರಬೇಕು.

ಇಂತಹ ಪುಸ್ತಕಗಳಲ್ಲಿ ಒಂದು ಪ್ರಯೋಗವು ಪದೇಪದೇ ಬರುತ್ತದೆ. ತಟ್ಟೆಯ ನೀರಿನಲ್ಲಿ ಉರಿಯುವ ಮೇಣದ ಬತ್ತಿಯನ್ನು ನಿಲ್ಲಿಸಿ ಗಾಜಿನ ಲೋಟವನ್ನು ಕವುಚಿದರೆ ದೀಪವಾರಿ ನೀರು ಮೇಲೇರುತ್ತದೆ. ಗಾಳಿಯ ಐದನೆಯ ಒಂದು ಪಾಲಾದ ಆಮ್ಲಜನಕವು ವ್ಯಯವಾದುದೇ ಕಾರಣವೆಂಬ ವಿವರಣೆ ರೂಢವಾಗಿದೆ. ಪ್ರಾಚೀನ ಗ್ರೀಕ್ ಲೇಖಕ ಫಿಲೋ ಈ ಪ್ರಯೋಗವನ್ನು ವರ್ಣಿಸಿದ್ದಾನೆ. ಆದರೆ ಪ್ರಾಚೀನತೆಯು ಪ್ರಮಾಣವಲ್ಲ. ರೂಢಿಯ ಕಾರಣ ನಿಜವಾಗಿದ್ದರೆ ದೀಪ ಉರಿಯುತ್ತಿರುವಾಗಲೇ ನೀರು ಕ್ರಮವಾಗಿ ಏರಬೇಕಾಗಿತ್ತು. ಬತ್ತಿಗಳ ಸಂಖ್ಯೆಯಿಂದ ಭೇದವಾಗಬಾರದಾಗಿತ್ತು. ವಸ್ತುತಃ ನೀರು ಬಹುಮಟ್ಟಿಗೆ ದೀಪವಾರಿದ ಮೇಲೆಯೇ ಏರುತ್ತದೆ. ಬತ್ತಿಗಳು ಹೆಚ್ಚಿದಂತೆ ಇನ್ನೂ ಮೇಲೇರುತ್ತದೆ. ಕಾದು ಹಿಗ್ಗಿದ ಗಾಳಿ ತಣಿದು ಕುಗ್ಗುವುದೇ ಮುಖ್ಯ ಕಾರಣ.

ದೇವರ ಹಿಪ್ಪರಗಿಯ ಅಡುಗೆಮನೆಯು ಇದಕ್ಕಿಂತ ನಿರ್ದೋಷವಾದ ಪಾಠವನ್ನು ಒದಗಿಸಬಲ್ಲದು. ಅರಿಸಿನದ ನೀರಿಗೆ ಸುಣ್ಣ ಬೆರೆತರೆ ಆರತಿಯ ಓಕುಳಿಯ ಕೆಂಪು. ಸಾಕಷ್ಟು ನಿಂಬೆರಸ ಹಿಂಡಿದರೆ ಮರಳಿ ಹಳದಿ. ಜೋಳದ ಹಿಟ್ಟನ್ನು ಕುದಿಯುವ ಎಸರಿನಿಂದ ಒಂದು ಪಾಲು, ತಣ್ಣೀರಿನಿಂದ ಒಂದು ಪಾಲು ನಾದಿ ರೊಟ್ಟಿ ಬಡಿದರೆ ಎರಡನೆಯದು ಬೇಗ ಬಿರಿಯುತ್ತದೆ. ಗೋದಿಯ ಅಂಟು ಜೋಳದಲ್ಲಿಲ್ಲ. ಎಸರಿನ ಕಾವಿಗೆ ಬೆಂದ ಪಿಷ್ಟವೇ ಹಿಟ್ಟನ್ನು ಹಿಡಿದಿಡುತ್ತದೆ. ಇಲ್ಲಿ ಬದಲಾದುದು ನೀರಿನ ಕಾವು ಮಾತ್ರ. ಆದುದರಿಂದಲೇ ಕಾರಣವನ್ನು ನಿಶ್ಚಯಿಸಲು ಸಾಧ್ಯ.

ಒಂದೇ ಸಾಕ್ಷ್ಯದಿಂದ ರಾಜನ ಕಾಲವನ್ನು ನಿರ್ಣಯಿಸಲು ಚರಿತ್ರಕಾರನು ಹಿಂಜರಿಯುತ್ತಾನೆ. ಮಕ್ಕಳ ಪುಸ್ತಕವೂ ಈ ಹಿಂಜರಿಕೆಯನ್ನು ಕಲಿಸಬೇಕು. ತಪ್ಪು ಕಾರಣವನ್ನು ಕಣ್ಣಾರೆ ಕಂಡೆನೆಂದು ನಂಬಿದ ಮಗುವನ್ನು ತಿದ್ದುವುದು ಸುಲಭವಲ್ಲ.